ನಗುವ ತೋಳಗಳು

ಜೂನ್ 3, ಮಂಗಳವಾರ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತು ಎಲ್ಲಿ, ದೀರ್ಘ ಎಲ್ಲಿ ಎಂದು ಸರಿಯಾಗಿ ಗೊತ್ತಿಲ್ಲ. ಓದಿದ್ದು ಐದನೇ ಕ್ಲಾಸು. ಇದನ್ನು ಯಾರೂ ಓದುವುದಿಲ್ಲ, ಆದರೂ ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೋ ತಿಳಿಯದು. ಈ ಡೈರಿಯ ಹತ್ತಿರವೇ ಇರಬೇಕು. ಹಾಸ್ಟೆಲ್ಲಿನ ಹುಡುಗಿಯೊಬ್ಬಳು ರೂಮು ಬಿಡುವಾಗ ಬಿಟ್ಟುಹೋದದ್ದು. ಜನವರಿ ಒಂದರಂದು ‘ದಿನಾ ಬೆಳಿಗ್ಗೆ ಓಡಬೇಕು’ ಎಂದು ಬರೆದಿದ್ದಾಳೆ. ಎರಡರಿಂದ ಖಾಲಿ.

ನನ್ನ ಹೆಸರು ಪುಟ್ಟತಾಯಮ್ಮ. ಅಜ್ಜಿಯ ಹೆಸರು. ವಯಸ್ಸು ಇಪ್ಪತ್ತೊಂದು, ಊರು ಚನ್ನಪಟ್ಟಣ. ಹತ್ತು ವರ್ಷದವಳಿಂದ ಮರದ ಬೊಂಬೆಗಳಿಗೆ ಮುಖ ಬರೆದಿದ್ದೇನೆ. ಮರ ತಿರುಗಿಸುವವರು ಬೇರೆ, ಅರಗು ಹಿಡಿಸುವವರು ಬೇರೆ, ಮುಖ ಬರೆಯುವವರು ಬೇರೆ. ನಮ್ಮ ಕಾರ್ಖಾನೆಯಲ್ಲಿ ಮುಖ ನನ್ನದಾಗಿತ್ತು. ಯುಗಾದಿ ಆದಮೇಲೆ ಕಾರ್ಖಾನೆ ಮುಚ್ಚಿತು. ಚಿಕ್ಕಮ್ಮ ಲೀಲಮ್ಮ ಇಲ್ಲಿ ತಮಿಳು ಸೀಮೆಯ ಶೋಳಿಂಗನಲ್ಲೂರಿನ ಲೇಡೀಸ್ ಹಾಸ್ಟೆಲ್ಲಿನಲ್ಲಿ ಅಡುಗೆಗಿದ್ದಾಳೆ. ಅವಳೇ ಕರೆಸಿಕೊಂಡಳು. ಅಡುಗೆಮನೆಯ ಪಕ್ಕದ ರೂಮಿನಲ್ಲಿ ಇಬ್ಬರೂ ಇದ್ದೇವೆ.

ನಿನ್ನೆಯಿಂದ ಶಿವಕಿರಣ್ ಸರ್ ಅವರ ಅಂಗಡಿಯಲ್ಲಿ ಕೆಲಸ. ಅದು ಆಟದ ಅಂಗಡಿ, ಆದರೆ ಮಕ್ಕಳದ್ದಲ್ಲ. ಆಫೀಸಿಗೆ ಹೋಗುವ ದೊಡ್ಡವರು ಮೇಜಿನ ಸುತ್ತ ಕೂತು ಆಡುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಕಥೆಯೊಳಗಿನ ವೀರರಾಗುತ್ತಾರೆ. ದಾಳ ಹಾಕಿ ರಾಕ್ಷಸರ ಜೊತೆ ಹೊಡೆದಾಡುತ್ತಾರೆ. ಆ ವೀರರಿಗೂ ರಾಕ್ಷಸರಿಗೂ ಹೆಬ್ಬೆರಳಷ್ಟು ದೊಡ್ಡ ಬೊಂಬೆ ಇರುತ್ತದೆ. ಮೆಷಿನ್ನಿನಲ್ಲಿ ಅಚ್ಚಾಗಿ ಬರುತ್ತದೆ. ಬಣ್ಣ ಕೈಯಲ್ಲೇ ಹಾಕಬೇಕು.

ಜುಲೈ ಹತ್ತೊಂಬತ್ತು, ಇಪ್ಪತ್ತಕ್ಕೆ ಎಗ್ಮೋರಿನಲ್ಲಿ ದೊಡ್ಡ ಆಟ ಇದೆಯಂತೆ. ಅದಕ್ಕೆ ನಲವತ್ತು ತೋಳ ಬೇಕು. ವಾರ್ಗ್ ಎಂದು ಅದರ ಹೆಸರು. ಬಣ್ಣ ಹಾಕಲು ಕೌಶಿಕ್ ಅವರೂ ನಾನೂ ಇದ್ದೇವೆ. ಕೌಶಿಕ್ ಅವರು ಆರ್ಟ್ ಕಾಲೇಜಿನಲ್ಲಿ ಕೊನೆಯ ವರ್ಷ. ಅವರ ಮನೆಮಾತು ಕನ್ನಡವೇ, ಆದರೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾರೆ.

ತೋಳ ನಾನು ನೋಡಿಲ್ಲ. ನೋಡದೆ ಬರೆಯುತ್ತಿರುವುದಕ್ಕೂ ಕ್ಷಮೆ ಇರಲಿ.

ಜೂನ್ 5, ಗುರುವಾರ

ಹನ್ನೆರಡು ತೋಳ ಮುಗಿಸಿ ಸಾಲಾಗಿ ಇಟ್ಟಿದ್ದೆ. ಶಿವಕಿರಣ್ ಸರ್ ಬಂದು ಬಗ್ಗಿ ನೋಡಿದರು.

“ನೋಡವ್ವ ಪುಟ್ಟತಾಯಿ, ಕೈ ಭಾಳ ಚೊಲೋ ಐತಿ. ಒಂದು ಗೆರೆ ಅಲುಗಿಲ್ಲ. ಆದರ...” ಅಂದವರು ಕೌಶಿಕ್ ಅವರನ್ನು ಕರೆದರು. “ಕೊಂಚ ವಂದು ಪಾರಪ್ಪ. ನನಗೊಬ್ಬನಿಗೇ ಹಿಂಗ್ ಕಾಣ್ತದೋ ಏನೋ.”

ಕೌಶಿಕ್ ಅವರು ನೋಡಿದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಯ್ಯೋ ಕಡವುಳೇ! ನಗ್ತಾ ಇದೆ! ಎಲ್ಲಾ ನಗ್ತಾ ಇದೆ! ಸರ್, ಇದಕ್ಕೆ ಬಿಸ್ಕೆಟ್ ಕೊಟ್ರೆ ಬಾಲ ಆಡ್ಸುತ್ತೆ ಸರ್.”

ಅವರು ಕನ್ನಡ ಮಾತಾಡಿದ್ದು ಅದೇ ಮೊದಲು.

ನಿಜ, ನಗುತ್ತಿದ್ದವು. ಬಾಯಿ ತೆರೆದೇ ಅಚ್ಚಾಗಿರುತ್ತದೆ, ಹಲ್ಲೂ ಇರುತ್ತದೆ. ಆದರೆ ಅಚ್ಚಿನಲ್ಲಿರುವುದು ಬರೀ ಉಬ್ಬು ತಗ್ಗು. ಮುಖ ಬರುವುದು ಬಣ್ಣದಿಂದ. ನಮ್ಮ ಕಾರ್ಖಾನೆಯ ಮೇಸ್ತ್ರಿಯದು ಒಂದೇ ಮಾತು: ಹುಲಿಯಾಗಲಿ, ಕರಡಿಯಾಗಲಿ, ಮಗು ಕೈಗೆ ತಗೊಂಡಾಗ ಹೆದರಬಾರದು. ಕಣ್ಣು ಗುಂಡಗೆ, ನೋಟ ನೇರ, ತುಟಿಯ ತುದಿ ಮೇಲಕ್ಕೆ. ಹನ್ನೊಂದು ವರ್ಷ ಹಾಗೇ ಬರೆದಿದ್ದೇನೆ. ತುಟಿಯ ತುದಿಗೆ ಬಂದಾಗ ಕೈ ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಕೆಳಕ್ಕೆ ಎಳೆಯಬೇಕೆಂದು ಮನಸ್ಸು ಹೇಳಿದರೂ ಕೈ ಕೇಳುವುದಿಲ್ಲ.

ಇದನ್ನೆಲ್ಲ ಹೇಳಬೇಕು ಅನ್ನಿಸಿತು. ಬಾಯಿಗೆ ಬಂದದ್ದು “ತಪ್ಪಾಯ್ತು ಸರ್” ಅಷ್ಟೇ.

ಕೌಶಿಕ್ ಅವರು ಹನ್ನೆರಡನ್ನೂ ಫೋಟೋ ತೆಗೆದು ಆಟದವರ ಗುಂಪಿಗೆ ಕಳಿಸಿದರು. ಸಂಜೆ ಬಂದವರೆಲ್ಲ ನನ್ನ ಮೇಜಿನ ಹತ್ತಿರ ನಿಂತು ನೋಡಿ ಹೋದರು. ನನ್ನ ಹೆಸರು ಉದ್ದ ಎಂದು ಕೌಶಿಕ್ ಅವರು ಪೀಟಿ ಮಿಸ್ ಎಂದು ಇಟ್ಟಿದ್ದಾರೆ. ಈಗ ಎಲ್ಲರೂ ಹಾಗೇ ಕರೆಯುತ್ತಾರೆ.

ಜೂನ್ 6, ಶುಕ್ರವಾರ

ಸರ್ ನನ್ನಿಂದ ಬ್ರಶ್ ತೆಗೆದುಕೊಂಡರು. ಇನ್ನುಮೇಲೆ ಮೆಷಿನ್ನಿನಿಂದ ಬಂದದ್ದನ್ನು ಸ್ಪಿರಿಟ್ಟಿನಲ್ಲಿ ತೊಳೆಯುವುದು, ಅಂಟಿಕೊಂಡ ಕಡ್ಡಿ ಕತ್ತರಿಸುವುದು, ಉಜ್ಜುವುದು ನನ್ನ ಕೆಲಸ. ಮುಖ ಎಲ್ಲ ಕೌಶಿಕ್ ಅವರದು. ಕೈ ಉರಿಯುತ್ತಿದೆ, ಅಕ್ಷರ ಇನ್ನೂ ಕೆಟ್ಟದಾಗಿದೆ, ಕ್ಷಮಿಸಬೇಕು.

ಜೂನ್ 10, ಮಂಗಳವಾರ

ಊರಿಗೆ ಹೋಗಿಬಿಡಲೇ ಎಂದು ಚಿಕ್ಕಮ್ಮನನ್ನು ಕೇಳಿದೆ. “ಹೋಗಿ ಏನ್ ಮಾಡೀಯೆ ಕೂಸೆ? ಗಾರ್ಮೆಂಟ್ಸಲ್ಲಿ ಗುಂಡಿ ಹೊಲ್ದೀಯ?” ಅಂದಳು. ಹೊಲಿಯಬಹುದು. ತೊಳೆಯುವ ಕೆಲಸಕ್ಕಿಂತ ಅದೇನೂ ಕೀಳಲ್ಲ. ಆದರೆ ಆಮೇಲೆ ನಾನು ಮುಖ ಬರೆಯುವವಳಲ್ಲ. ನನಗಿರುವುದು ಇದೊಂದೇ. ಇದು ಹೋದರೆ ನನ್ನನ್ನು ಯಾರೆಂದು ಹೇಳಿಕೊಳ್ಳಲಿ?

ಇವತ್ತು ಬೃಂದಾ ಮೇಡಂ ಬಂದಿದ್ದರು. ಹಾಸನದವರು, ಹತ್ತಿರದ ಐಟಿ ಪಾರ್ಕಿನಲ್ಲಿ ಕೆಲಸ. ಎಗ್ಮೋರಿನ ಆಟದ ಕಥೆ ನಡೆಸುವವರು ಅವರೇ. ತೋಳಗಳೂ ಅವರಿಗೇ. ತೊಳೆಯುತ್ತಿದ್ದ ನನ್ನ ಪಕ್ಕ ಬಂದು ನಿಂತರು.

“ಆ ನಗೋ ತೋಳಗಳನ್ನ ಬರೆದಿದ್ದು ನೀನೇನಾ?”

ತಲೆ ತಗ್ಗಿಸಿದೆ.

“ಕೈ ಯಾರದು ಅಂತ ನೋಡೋಕೆ ಬಂದೆ ಕಣೇ. ಅಷ್ಟು ಚಿಕ್ಕ ಮುಖದಲ್ಲಿ ನಗು ತರೋದು ಸುಮ್ನೇನಾ? ಕೌಶಿಕ್ ಬರೆದಿದ್ದೆಲ್ಲ ಒಂದೇ ಥರ ಇರುತ್ತೆ, ಬಾಯಿ ತುಂಬ ರಕ್ತ ಬಳಿದಿರ್ತಾನೆ.” ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಹೇಳಿದರು. “ವಾರ್ಗ್ ಅಂದ್ರೆ ಬರೀ ತೋಳ ಅಲ್ಲ. ಕುದುರೆಯಷ್ಟು ಎತ್ತರ. ಬುದ್ಧಿ ಇದೆ, ಮಾತು ಬರುತ್ತೆ. ಗಾಬ್ಲಿನ್ ಅಂತ ಕುಳ್ಳ ರಾಕ್ಷಸರು ಇದರ ಮೇಲೆ ಸವಾರಿ ಮಾಡ್ತಾರೆ. ಆದ್ರೆ ಇದೇನೂ ಸಾಕಿದ ಪ್ರಾಣಿ ಅಲ್ಲ. ಸರಿಯಾಗಿ ನೋಡಿಕೊಳ್ಳದಿದ್ರೆ ಮೇಲೆ ಕೂತವನನ್ನೇ ತಿಂದು ಹೋಗುತ್ತೆ. ತೋಳ ಹಸಿವಾದ್ರೆ ಕಚ್ಚುತ್ತೆ. ಇದು ಖುಷಿಗೆ ಕಚ್ಚುತ್ತೆ. ನನಗೆ ಆ ಖುಷಿ ಬೇಕು.”

ಹೋಗುವಾಗ ಶಿವಕಿರಣ್ ಸರ್‌ಗೆ ಹೇಳಿದರು, “ಇವಳಿಗೆ ಇನ್ನೊಂದು ಚಾನ್ಸ್ ಕೊಡಿ.” ಸರ್ ಎರಡು ತೋಳ ಕೊಟ್ಟಿದ್ದಾರೆ. ಈ ತಿಂಗಳ ಇಪ್ಪತ್ತರೊಳಗೆ ನಗದ ಹಾಗೆ ಬರೆದು ತೋರಿಸಬೇಕು. ಇಲ್ಲದಿದ್ದರೆ ತೊಳೆಯುವುದೇ.

ಕೌಶಿಕ್ “ಆಲ್ ದಿ ಬೆಸ್ಟ್, ಪೀಟಿ ಮಿಸ್” ಅಂದರು.

ಜೂನ್ 14, ಶನಿವಾರ

ಕೋಪದ ಮುಖ ಹೇಗಿರುತ್ತದೆ? ಇಷ್ಟು ವರ್ಷ ನಾನು ಯಾರಿಗಾದರೂ ಕೋಪ ಬಂದರೆ ನೆಲ ನೋಡುತ್ತಿದ್ದೆ. ಹಾಗಾಗಿ ಗೊತ್ತೇ ಇಲ್ಲ.

ಈ ಬೆಳಿಗ್ಗೆ ಹಾಸ್ಟೆಲ್ಲಿನಲ್ಲಿ ಕುಡಿಯುವ ನೀರಿನ ಕ್ಯಾನಿಗಾಗಿ ಇಬ್ಬರು ಜಗಳ ಆಡಿದರು. ಒಬ್ಬಳ ಹೆಸರು ಮೌನ, ಕೂಗುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ನಾನು ನೆಲ ನೋಡಲಿಲ್ಲ. ಪಾತ್ರೆ ತೊಳೆಯುವ ನೆಪದಲ್ಲಿ ಅವಳ ಮುಖವನ್ನೇ ನೋಡಿದೆ. ಕೋಪದಲ್ಲಿ ಕಣ್ಣು ದೊಡ್ಡದಾಗುತ್ತದೆ ಅಂದುಕೊಂಡಿದ್ದೆ. ಇಲ್ಲ, ಸಣ್ಣದಾಗುತ್ತದೆ. ಕೆಳಗಿನ ರೆಪ್ಪೆ ಮೇಲೆ ಬರುತ್ತದೆ. ಮೂಗಿನ ಬುಡದಲ್ಲಿ ಎರಡು ಮಡಿಕೆ ಬೀಳುತ್ತದೆ. ತುಟಿ ಒಂದೇ ಕಡೆ ಏಳುತ್ತದೆ, ಎರಡೂ ಕಡೆ ಅಲ್ಲ. ಎರಡೂ ಕಡೆ ಎತ್ತಿದ್ದಕ್ಕೇ ನನ್ನ ತೋಳ ನಕ್ಕದ್ದು.

ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಮುದುಕನನ್ನು ಬೈದ. ಅದನ್ನೂ ನೋಡಿಕೊಂಡೆ. ಅವನ ಕಿವಿ ಹಿಂದಕ್ಕೆ ಹೋಯಿತು. ಮನುಷ್ಯರ ಕಿವಿಯೂ ಹೋಗುತ್ತದೆ.

ಒಂದು ತೋಳಕ್ಕೆ ಬರೆದು ನೋಡಿದೆ. ಪರವಾಗಿಲ್ಲ. ಆದರೆ ಜಗಳ ಬೇಗ ಮುಗಿದುಬಿಡುತ್ತದೆ. ಕಾಯಬೇಕು.

ಜೂನ್ 17, ಮಂಗಳವಾರ

ಕಾಯುವುದು ಕಷ್ಟ. ಬೆಳಿಗ್ಗೆ ಏಳೂವರೆಗೆ, ಹುಡುಗಿಯರೆಲ್ಲ ಆಫೀಸ್ ಕ್ಯಾಬಿಗೆ ಹೊರಡುವ ಹೊತ್ತಿಗೆ, ಮೋಟರ್ ಸ್ವಿಚ್ ಆರಿಸಿದೆ. ನಲ್ಲಿಯಲ್ಲಿ ನೀರು ನಿಂತಿತು. ಮೌನ ತಲೆಯಲ್ಲಿ ಶಾಂಪೂ ನೊರೆ ಇಟ್ಟುಕೊಂಡೇ ಬಂದಳು.

“ಮೋಟರ್ ಯಾರು ಆಫ್ ಮಾಡಿದ್ದು? ಏಯ್, ನಿನ್ನನ್ನೇ! ಕಿವುಡಿನಾ?”

“ಗೊತ್ತಿಲ್ಲ ಅಕ್ಕ” ಅಂದೆ, ನಿಂತೇ ಇದ್ದೆ. ಅವಳ ಮುಖ ಒಂದು ಗೇಣು ದೂರದಲ್ಲಿತ್ತು. ಗದ್ದದ ಕೆಳಗಿನ ನರ ಹೊಡೆದುಕೊಳ್ಳುತ್ತಿತ್ತು. ಅದು ಇಷ್ಟು ದಿನ ಕಾಣಿಸಿರಲಿಲ್ಲ.

ನನ್ನ ಎದೆ ಹೊಡೆದುಕೊಳ್ಳಲಿಲ್ಲ. ವಿಚಿತ್ರ. ಮಾಮೂಲಾಗಿ ಯಾರಾದರೂ ಜೋರು ಮಾಡಿದರೆ ನನಗೆ ಅಳು ಬರುತ್ತದೆ.

ಕೆಲಸಕ್ಕೋಸ್ಕರ ಮಾಡಿದ್ದು, ಬೇರೇನಿಲ್ಲ.

ಜೂನ್ 21, ಶನಿವಾರ

ಬ್ರಶ್ ವಾಪಸ್ ಬಂತು. ಎರಡೂ ತೋಳಗಳನ್ನು ನೋಡಿ ಶಿವಕಿರಣ್ ಸರ್ ಒಂದು ಹೆಜ್ಜೆ ಹಿಂದೆ ಸರಿದರು. ಸುಳ್ಳಲ್ಲ, ನಿಜವಾಗಿ ಸರಿದರು. “ಯವ್ವಾ! ಇದನ್ನ ನಮ್ಮ ತಾಯಿ ಮುಂದ ಇಡಬ್ಯಾಡ್ರಪ್ಪ, ಲಿಂಗಪೂಜಿ ಬಿಟ್ಟು ಓಡ್ತಾಳ” ಅಂದರು. ಹದಿನೈದು ತೋಳ ನನಗೆ, ಉಳಿದದ್ದು ಕೌಶಿಕ್‌ಗೆ. ಗುಂಪಿನ ಮುಂದಾಳು ತೋಳ ಒಂದಿದೆ, ಎಲ್ಲಕ್ಕಿಂತ ದೊಡ್ಡದು. ಅದನ್ನು ಇಬ್ಬರೂ ಒಂದೊಂದು ಬರೆಯಬೇಕು. ಬೃಂದಾ ಮೇಡಂ ಒಂದನ್ನು ಆರಿಸುತ್ತಾರೆ. ಎಗ್ಮೋರ್ ಮುಗಿದ ಮೇಲೆ ಅಂಗಡಿಗೆ ಮುಖ ಬರೆಯುವವರು ಒಬ್ಬರೇ ಸಾಕು, ಮುಂದಾಳು ಯಾರದ್ದೋ ಆ ಮೇಜು ಅವರದು ಎಂದು ಸರ್ ಇಬ್ಬರ ಎದುರಿಗೇ ಹೇಳಿದರು.

ಮಧ್ಯಾಹ್ನ ಊಟಕ್ಕೆ ಹೋಗಿ ಬಂದಾಗ ನನ್ನ ಸಣ್ಣ ಬ್ರಶ್ಶನ್ನು ಯಾರೋ ತುದಿ ಕೆಳಗಾಗಿ ಬಣ್ಣದ ನೀರಿನಲ್ಲಿ ಮುಳುಗಿಸಿಟ್ಟಿದ್ದರು. ಕೂದಲೆಲ್ಲ ಬಾಗಿಹೋಗಿತ್ತು. ಯಾರೋ ಏನು, ಅಂಗಡಿಯಲ್ಲಿದ್ದದ್ದು ಕೌಶಿಕ್ ಒಬ್ಬನೇ. ನನ್ನ ಕೂದಲನ್ನೇ ನಾಲ್ಕೆಳೆ ಕಿತ್ತು ಕಟ್ಟಿಕೊಂಡು ಬರೆದೆ.

ಸಂಜೆ ಮೆಟ್ಟಿಲ ಕೆಳಗೆ ಕಸ ಹಾಕಲು ಹೋದಾಗ ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಕನ್ನಡದಲ್ಲಿ. ಸಣ್ಣ ಮಗುವಿನ ಹಾಗೆ.

“ಅಮ್ಮಾ, ಅಪ್ಪಂಗೆ ಹೇಳ್ಬೇಡಮ್ಮ. ಹೇಗೂ ಇಲ್ಲಿ ಕೆಲಸ ಪಕ್ಕಾ ಆಗುತ್ತೆ. ಆಮೇಲೆ ನಾನೇ ಹೇಳ್ತೀನಿ, ಕಾಲೇಜಿಂದ ತೆಗೆದ್ರು ಅಂತ. ಪ್ಲೀಸ್ ಅಮ್ಮ.”

ಕೊನೆಯ ವರ್ಷವಂತೆ. ಸುಳ್ಳುಗಾರ.

ಜೂನ್ 28, ಶನಿವಾರ

ಹನ್ನೊಂದು ತೋಳ ಆಯಿತು. ಒಂದೊಂದಕ್ಕೂ ಒಂದೊಂದು ಮುಖ. ಮೌನ ನಾಲ್ಕು, ಕಂಡಕ್ಟರ್ ಎರಡು, ಕೆಳಗಿನ ಚಹಾದಂಗಡಿಯವನು ಮೂರು. ಅವನ ಚಹಾ ಚೆಲ್ಲಿ ಚೆಲ್ಲಿ ನೋಡಿದೆ. ಇನ್ನೆರಡು ಅಂಗಡಿಯ ಕಟ್ಟಡದ ಲಿಫ್ಟಿಗೆ ಬರುವ ಹುಡುಗಿಯದು. ಅವಳು ಓಡಿಬರುವಾಗ ಬಾಗಿಲು ಮುಚ್ಚುವ ಗುಂಡಿ ಒತ್ತಿದೆ.

ಚಿಕ್ಕಮ್ಮನದು ಒಂದು ಬೇಕಿತ್ತು. ಅವಳಿಗೆ ಕೋಪವೇ ಬರುವುದಿಲ್ಲ. ಉಪ್ಪಿಲ್ಲ ಅಂದೆ, ಹಾಕಿಕೊಟ್ಟಳು. ಹಾಸಿಗೆ ನಾರುತ್ತದೆ ಅಂದೆ, ಒಗೆದಳು. ಇವತ್ತು ಅವಳು ಇಡ್ಲಿ ಹಿಟ್ಟು ರುಬ್ಬುತ್ತಿದ್ದಾಗ, “ನಿನಗೆ ಮಕ್ಕಳಿಲ್ಲವಲ್ಲ, ಅದಕ್ಕೇ ನನ್ನನ್ನು ಎಳೆದು ತಂದು ಇಟ್ಟುಕೊಂಡಿದ್ದೀಯ” ಅಂದೆ.

ಅವಳು ನನ್ನನ್ನು ನೋಡಿದಳು. ಮಡಿಕೆ ಬೀಳಲಿಲ್ಲ, ತುಟಿ ಏಳಲಿಲ್ಲ. ಆಮೇಲೆ ಗ್ರೈಂಡರಿನ ಕಡೆ ತಿರುಗಿ ಕೈಯಿಂದ ಹಿಟ್ಟು ಒಳಕ್ಕೆ ತಳ್ಳಿದಳು.

ಉಪಯೋಗವಾಗಲಿಲ್ಲ.

ಜುಲೈ 4, ಶುಕ್ರವಾರ

ಕೌಶಿಕ್‌ನ ಮುಂದಾಳು ತಯಾರಾಗಿದೆ. ಹಲ್ಲಿನಿಂದ ರಕ್ತ ತೊಟ್ಟಿಕ್ಕುತ್ತಿದೆ, ಕಣ್ಣು ಹಳದಿ, ಮೈಮೇಲಿನ ಒಂದೊಂದು ಕೂದಲೂ ಕಾಣುತ್ತದೆ. ಚೆನ್ನಾಗಿದೆ. ಒಪ್ಪಿಕೊಳ್ಳಬೇಕು. ನನ್ನದಕ್ಕೆ ಮೈ ಬಣ್ಣ ಆಗಿದೆ, ಮುಖವಿಲ್ಲ. ಗೊತ್ತಿರುವ ಮುಖಗಳೆಲ್ಲ ಖರ್ಚಾಗಿವೆ. ಸೋಮವಾರ ಬೃಂದಾ ಮೇಡಂ ನೋಡುತ್ತಾರೆ.

ಶುಕ್ರವಾರ ಸಂಜೆ ಆಟಕ್ಕೆ ಜನ ಜಾಸ್ತಿ. ಏಳೆಂಟು ಜನ ಇದ್ದರು, ಹೆಚ್ಚಿನವರು ಕನ್ನಡದವರೇ. ಕೌಶಿಕ್ ಅವರಿಗೆ ಅಂಗಡಿ ತೋರಿಸುತ್ತ ನನ್ನ ಮೇಜಿಗೆ ಬಂದ.

“ಇವರೇ ನಮ್ಮ ಪೀಟಿ ಮಿಸ್. ಅಂಗನವಾಡಿ ಡಿಪಾರ್ಟ್‌ಮೆಂಟ್. ಇನ್ನೂ ಮುಖ ಸಿಕ್ಕಿಲ್ಲ ಪಾಪ, ತೋಳ ಮುಖ ಇಲ್ಲದೆ ಕೂತಿದೆ. ಏನ್ ಮಿಸ್, ಐದನೇ ಕ್ಲಾಸಲ್ಲಿ ತೋಳದ ಪಾಠ ಬರಲಿಲ್ವಾ?”

ಎಲ್ಲರೂ ನಕ್ಕರು. ನಾನು ತಲೆ ಎತ್ತಿದೆ. ಮಾತು ಮೊದಲೇ ಬರೆದಿಟ್ಟ ಹಾಗೆ ಬಂತು.

“ನನ್ನನ್ನ ಐದನೇ ಕ್ಲಾಸಿಗೆ ಬಿಡಿಸಿದ್ರು. ನಿಮ್ಮನ್ನ ಎಷ್ಟನೇ ವರ್ಷಕ್ಕೆ ತೆಗೆದ್ರು?”

“ವಾಟ್?” ಅಂದ.

“ಕಾಲೇಜಿಂದ. ಅಪ್ಪಂಗೆ ಹೇಳ್ಬೇಡ ಅಂತ ಮೆಟ್ಟಿಲ ಕೆಳಗೆ ನಿಂತು ಅಮ್ಮನ ಹತ್ರ ಅಳ್ತಿದ್ರಲ್ಲ. ಇನ್ನೂ ಹೇಳಿಲ್ವಾ?”

ಯಾರೂ ನಗಲಿಲ್ಲ. ಶಿವಕಿರಣ್ ಸರ್ ಗಲ್ಲಾಪೆಟ್ಟಿಗೆಯ ಹತ್ತಿರದಿಂದ ಎದ್ದು ನಿಂತರು. ಬಂದವರಲ್ಲಿ ಒಬ್ಬ, “ಕೌಶಿಕ್, ನಿನ್ನ ಪ್ರಾಜೆಕ್ಟ್ ಶೋ ಮುಂದಿನ ತಿಂಗಳು ಅಂದಿದ್ದೆಯಲ್ಲ” ಎಂದು ಕೇಳುತ್ತ ಅರ್ಧಕ್ಕೆ ನಿಲ್ಲಿಸಿದ.

ಕೌಶಿಕ್‌ನ ಮುಖ ನೋಡಿದೆ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದೆ. ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತಿತು. ಕಣ್ಣು ಸಣ್ಣದೂ ಆಗಲಿಲ್ಲ, ದೊಡ್ಡದೂ ಆಗಲಿಲ್ಲ. ಮೇಲಿನ ತುಟಿ ಹಲ್ಲಿಗೆ ಅಂಟಿಕೊಂಡು ಬಿಡಿಸಿಕೊಳ್ಳಲಾರದೆ ನಡುಗಿತು. ನೋಟ ಒಬ್ಬೊಬ್ಬರ ಮೇಲೂ ಹಾದು ಕೊನೆಗೆ ನನ್ನ ಮೇಲೆ ನಿಂತಿತು.

ಇಂಥದ್ದನ್ನು ನಾನು ನೋಡಿಯೇ ಇರಲಿಲ್ಲ. ಎಲ್ಲರೂ ಇನ್ನೂ ಅಲ್ಲೇ ನಿಂತಿದ್ದರು, ನಾನು ಕೂತು ಬ್ರಶ್ ತೆಗೆದುಕೊಂಡೆ.

ಜುಲೈ 5, ಶನಿವಾರ

ಮುಂದಾಳು ಮುಗಿಯಿತು. ಇಷ್ಟು ಸಲೀಸಾಗಿ ಯಾವ ಮುಖವೂ ಬಂದಿಲ್ಲ. ಕೈ ಒಂದು ಸಲವೂ ಮೇಲಕ್ಕೆ ಹೋಗಲಿಲ್ಲ.

ಜುಲೈ 7, ಸೋಮವಾರ

ನನ್ನದನ್ನೇ ಆರಿಸಿದರು. ಬೃಂದಾ ಮೇಡಂ ಕೌಶಿಕ್‌ನದನ್ನು ಕೈಗೂ ತೆಗೆದುಕೊಳ್ಳಲಿಲ್ಲ. “ಈ ಮುಖ ಎಲ್ಲಿ ನೋಡಿದೆಯೇ?” ಎಂದು ಎರಡು ಸಲ ಕೇಳಿದರು. “ಮನಸ್ಸಿನಲ್ಲೇ” ಅಂದೆ. ಆಗ ಕೌಶಿಕ್ ಊಟಕ್ಕೆ ಹೋಗಿದ್ದ. ಬರುವಷ್ಟರಲ್ಲಿ ಮೇಡಂ ಅದನ್ನು ಡಬ್ಬಿಯಲ್ಲಿಟ್ಟು ತೆಗೆದುಕೊಂಡು ಹೋಗಿದ್ದರು.

ಈಗ ಅವನು ನನ್ನ ಜೊತೆ ಮಾತಾಡುವುದಿಲ್ಲ. ಪೀಟಿ ಮಿಸ್ ಎಂದೂ ಕರೆಯುವುದಿಲ್ಲ. ಬೇರೆಯವರೂ ನಿಲ್ಲಿಸಿದ್ದಾರೆ. ನಾನು ಆಟ ನಡೆಯುವ ಮಹಡಿಗೆ ಹೋದರೆ ಮಾತು ನಿಲ್ಲುತ್ತದೆ. ಒಳ್ಳೆಯದೇ ಆಯಿತು.

ಜುಲೈ 20, ಭಾನುವಾರ

ಎರಡು ದಿನ ಎಗ್ಮೋರಿನಲ್ಲಿದ್ದೆವು. ಮ್ಯೂಸಿಯಮ್ಮಿನ ಹಿಂದಿನ ರಸ್ತೆಯ ಹಾಲ್. ಹದಿನಾರು ಮೇಜು, ಬೇರೆ ಊರಿನಿಂದಲೂ ಜನ. ಎಲ್ಲರೂ ಇಂಗ್ಲಿಷ್, ನನಗೆ ಅರ್ಧ ತಿಳಿಯಿತು.

ಇವತ್ತು ಮಧ್ಯಾಹ್ನ ಬೃಂದಾ ಮೇಡಂ ಕಥೆಯಲ್ಲಿ ತೋಳಗಳು ಬಂದವು. ಬಟ್ಟೆ ಸರಿಸಿದಾಗ ನಲವತ್ತು ತೋಳ ಒಟ್ಟಿಗೆ ಕಾಡಿನಿಂದ ಇಳಿಯುವ ಹಾಗೆ ಜೋಡಿಸಿತ್ತು. ಮೇಜಿನವರು ಉಸಿರು ಎಳೆದುಕೊಂಡರು. ಒಬ್ಬ, “ಇದು ಥೇಟ್ ನಮ್ಮ ಮ್ಯಾನೇಜರ್” ಅಂದ, ಎಲ್ಲರೂ ನಕ್ಕರು. ಮುಂದಾಳುವನ್ನು ಕೊನೆಗೆ ಇಟ್ಟರು. ಆಗ ಯಾರೂ ನಗಲಿಲ್ಲ. ಆಟದಲ್ಲಿ ಅದನ್ನು ಹೊಡೆಯುವ ಸರದಿ ಒಬ್ಬ ಹುಡುಗಿಯದು. ದಾಳ ಕೈಯಲ್ಲಿ ಹಿಡಿದುಕೊಂಡು, “ಅಕ್ಕ, ಇದಕ್ಕೆ ಮಾತು ಬರುತ್ತೆ ತಾನೇ? ಹೊಡೆಯೋ ಮುಂಚೆ ಒಂದ್ಸಲ ಮಾತಾಡಿಸ್ಲಾ?” ಎಂದು ಮೇಡಂ ಅವರನ್ನು ಕೇಳಿದಳು. ಹುಚ್ಚಿ. ರಾಕ್ಷಸನನ್ನು ಯಾರಾದರೂ ಮಾತಾಡಿಸುತ್ತಾರೆಯೇ?

ಕೌಶಿಕ್ ಬೊಂಬೆ ಜೋಡಿಸಲು ಬಂದಿದ್ದ. ಆಟ ಮುಗಿದ ಮೇಲೆ ಪೆಟ್ಟಿಗೆಗೆ ತುಂಬುವಾಗ ಮುಂದಾಳು ಅವನ ಕೈಗೆ ಹೋಯಿತು. ಹತ್ತಿರದಿಂದ ಅದನ್ನು ನೋಡಿದ್ದು ಆಗಲೇ ಇರಬೇಕು. ಬೆಳಕಿಗೆ ಹಿಡಿದ. ತಿರುಗಿಸಿ ಇನ್ನೊಂದು ಕಡೆಯಿಂದ ನೋಡಿದ. ಕೆನ್ನೆಗೆ ಕೈ ಹೋಯಿತು, ಅವನ ಕೆನ್ನೆಗೇ. ನಾನು ಎರಡು ಮಾರು ದೂರದಲ್ಲಿದ್ದೆ. ಕೂಗುತ್ತಾನೆ, ನೆಲಕ್ಕೆ ಎಸೆಯುತ್ತಾನೆ ಅಂದುಕೊಂಡು ಸಿದ್ಧಳಾಗಿ ನಿಂತಿದ್ದೆ. ಎರಡು ಮಾತು ತಯಾರು ಮಾಡಿಯೂ ಇಟ್ಟುಕೊಂಡಿದ್ದೆ.

ಅವನು ಅದನ್ನು ಹತ್ತಿಯಲ್ಲಿ ಸುತ್ತಿ, ಮೂಗು ತಾಗದ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸಿದ.

“ಚೆನ್ನಾಗಿ ಬಂದಿದೆ ರೀ” ಅಂದ. ಕನ್ನಡದಲ್ಲಿ.

ತಯಾರು ಮಾಡಿಟ್ಟುಕೊಂಡಿದ್ದ ಮಾತು ಹೇಳಲಾಗಲಿಲ್ಲ. ಸಿಟ್ಟು ಬಂತು. ಬಸ್ಸಿನಲ್ಲಿ ವಾಪಸ್ ಬರುವಾಗಲೂ ಸಿಟ್ಟು ಇಳಿಯಲಿಲ್ಲ. ಹೊಗಳಲು ಅವನು ಯಾರು?

ಜುಲೈ 23, ಬುಧವಾರ

ಮುಖದ ಮೇಜು ನನ್ನದಾಯಿತು. ಕಿಟಕಿಯ ಪಕ್ಕದ್ದು, ಬೆಳಕು ಚೆನ್ನಾಗಿ ಬರುತ್ತದೆ. ಕೌಶಿಕ್ ಸೋಮವಾರದಿಂದ ಬಂದಿಲ್ಲ. ಅವನ ಅಪ್ಪ ಅಂಗಡಿಗೆ ಬಂದಿದ್ದರಂತೆ.

“ಆವತ್ತು ಶುಕ್ರವಾರ ಇದ್ದೋರೊಳಗ ಯಾರೋ ಅವರ ಮನಿತನಕಾ ಮುಟ್ಟಿಸ್ಯಾರ” ಅಂದರು ಶಿವಕಿರಣ್ ಸರ್. “ಮಾಡ್ಬಾರದಿತ್ತು ನೀ. ಅವನೂ ನಿನಗ ಕಡಿಮಿ ಕಾಡಿಲ್ಲ ಬಿಡು. ಹೋಗ್ಲಿ. ಈಗ ಕೆಲಸ ಕೇಳಿಲ್ಲಿ.”

ಎಗ್ಮೋರಿನಲ್ಲಿ ಮುಂದಾಳುವನ್ನು ನೋಡಿದವರು ಅದೇ ಬೇಕೆಂದು ಬರೆಸಿದ್ದಾರೆ. ಅರವತ್ತು. ಅದೇ ತೋಳ, ಅದೇ ಮುಖ. ಫೋನಿನಲ್ಲಿ ತೆಗೆದ ಫೋಟೋಗಳಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲವಂತೆ. ಶುಕ್ರವಾರ ದೊಡ್ಡ ಕ್ಯಾಮರಾದವರನ್ನು ಕರೆಸಿ, ಅದನ್ನು ದೊಡ್ಡದು ಮಾಡಿ ಅಂಗಡಿಯ ಬಾಗಿಲಿಗೂ ಹಾಕುತ್ತಾರಂತೆ. ರಸ್ತೆಗೆ ಕಾಣುವ ಹಾಗೆ.

ನಾನು ಬಯಸಿದ್ದು ಇದನ್ನೇ. ಮುಖ ಬರೆಯುವವಳು ಎಂದು ಇನ್ನು ಯಾರ ಮುಂದೆಯೂ ಹೇಳಿಕೊಳ್ಳಬಹುದು.

ಮೇಡಂ ಫೋಟೋಗೆಂದು ಅಂಗಡಿಗೆ ಕೊಟ್ಟಿದ್ದ ಮುಂದಾಳುವನ್ನು ಚಿಕ್ಕಮ್ಮನಿಗೆ ತೋರಿಸೋಣ ಎಂದು ಕರ್ಚೀಫಿನಲ್ಲಿ ಸುತ್ತಿ ತಂದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ನೋಡಿದಳು.

“ಇದ್ಯಾವ ಪ್ರಾಣಿನೇ?”

“ರಾಕ್ಷಸ ತೋಳ. ಖುಷಿಗೆ ಕಚ್ಚುತ್ತೆ. ಹೆದ್ರಿಕೆ ಆಯ್ತದಾ?”

“ಇಲ್ಲ ಕಣ್ ಮಗ” ಅಂದಳು. ಇನ್ನೂ ನೋಡುತ್ತಲೇ ಇದ್ದಳು. “ಇದು ಕಚ್ಚೋ ಮುಖ ಅಲ್ಲ ಕನವ್ವ. ಕಚ್ಚುಸ್ಕೊಂಡಿರೋ ಮುಖ.”

“ನಿಂಗೇನ್ ಗೊತ್ತು” ಅಂದೆ. ಕಿತ್ತುಕೊಂಡೆ.

ಅವಳು ಮತ್ತೆ ಸೊಪ್ಪಿಗೆ ಕೂತಳು. “ನಂಗೊತ್ತಿಲ್ದೆ ಇನ್ಯಾರಿಗ್ ಗೊತ್ತು ಬುಡು” ಅಂದಳು. ನಗುತ್ತಲೇ ಅಂದಳು, ಆದರೆ ತಲೆ ಎತ್ತಲಿಲ್ಲ.

ಬೊಂಬೆಯ ಬಗ್ಗೆ ಏನೂ ತಿಳಿಯದವರ ಮಾತನ್ನು ತಲೆಗೆ ಹಾಕಿಕೊಳ್ಳಬಾರದು.

ಜುಲೈ 24, ಗುರುವಾರ

ಮಾದರಿ ಮುಂದಿಟ್ಟುಕೊಂಡು ಎರಡನೆಯದನ್ನು ಬರೆಯಲು ಕೂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತೆ. ಹುಬ್ಬು ಬಂತು. ತುಟಿ ಬರಲಿಲ್ಲ. ಅದು ನಡುಗುತ್ತಿದ್ದದ್ದು, ನಿಂತದ್ದಲ್ಲ. ಅರವತ್ತು ಸಲ ಅದನ್ನ...

ಬರೆಯಲು ಮನಸ್ಸಿಲ್ಲ ಇವತ್ತು.

ಜುಲೈ 25, ಶುಕ್ರವಾರ

ಬೆಳಿಗ್ಗೆ ಏಳಕ್ಕೇ ಅಂಗಡಿಗೆ ಬಂದೆ. ಬೀಗದ ಕೈ ಈಗ ನನ್ನ ಹತ್ತಿರವೂ ಒಂದಿದೆ. ಕ್ಯಾಮರಾದವರು ಹತ್ತೂವರೆಗೆ ಬರುತ್ತಾರೆ. ಮುಂದಾಳುವನ್ನು ಕಿಟಕಿಯ ಬೆಳಕಿನಲ್ಲಿಟ್ಟು ನೋಡಿದಾಗ ಮೂಗಿನ ಹತ್ತಿರ ಬಣ್ಣ ಸ್ವಲ್ಪ ಎದ್ದಿತ್ತು. ಎಗ್ಮೋರಿನಲ್ಲಿ ತುಂಬ ಜನ ಮುಟ್ಟಿದ್ದಾರೆ. ಹಾಗೇ ಫೋಟೋ ತೆಗೆಯಲಾಗುವುದಿಲ್ಲ. ಅದಕ್ಕೇ ಮಾಡಿದ್ದು. ಕೌಶಿಕ್ ಅವರ ಮೇಲೆ ಕನಿಕರ ಬಂದು ಅಲ್ಲ.

ಹಳೆಯ ಬನಿಯನ್ ಬಟ್ಟೆಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತುಟಿಯಿಂದ ಶುರು ಮಾಡಿದೆ. ತುಟಿ ಹೋಯಿತು, ಆಮೇಲೆ ಹುಬ್ಬು. ಕಣ್ಣು ಗಟ್ಟಿಯಾಗಿ ಹಿಡಿದಿತ್ತು, ನಾಲ್ಕೈದು ಸಲ ಉಜ್ಜಬೇಕಾಯಿತು. ಕೆಳಗಿನ ಕಪ್ಪು ಕಾಣಿಸುವವರೆಗೆ ಒರೆಸಿ, ಒಣಗಲು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ.